ಪಾಲು ಮತ್ತು ಪಾಲನೆ: ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲಲ್ಲಿ ಕೇಳುವ ಪ್ರಶ್ನೆಗಳು



ಈ ಉಪನ್ಯಾಸದ ದತ್ತಿ ಒಬ್ಬ ತಾಯಿಯ ಹೆಸರಿನಲ್ಲಿದೆ. ಉಪನ್ಯಾಸಕ್ಕೆ ಕರೆಯಲು ಬಂದಾಗ ಅವರ ಮಗ ಹೇಳಿದ ಒಂದು ಮಾತೇ ನನ್ನ ವಿಷಯವನ್ನು ಗೊತ್ತುಮಾಡಿತು. "ನಮ್ಮವ್ವ ಓದಿದಾಕಿ ಅಲ್ರಿ. ಆದರ ಓಣ್ಯಾಗ ಯಾರ ಮನಿಗೆ ಸರ್ಕಾರಿ ಕಾಗದ ಬಂದರೂ, ಹೋಗಿ ಓದಿ ಹೇಳಿ ಬಾ ಅಂತ ನನ್ನ ಕಳಸ್ತಿದ್ದಳು" ಎಂದರು ಅವರು. ಓದಿ ಹೇಳುವ ಆ ಕೆಲಸವನ್ನೇ ಇವತ್ತು ನಾನು ಮಾಡಬೇಕೆಂದಿದ್ದೇನೆ.

ಇಪ್ಪತ್ತೆಂಟು ವರ್ಷದಿಂದ ನಾನು ಈ ಭಾಗದ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಕೌಟುಂಬಿಕ ನ್ಯಾಯಾಲಯದಲ್ಲಿ. ಅಲ್ಲಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ಡೈವೋರ್ಸ್ ಎಷ್ಟು ದಿನದಾಗ ಆಕ್ಕತಿ? ತಿಂಗಳಾ ಎಷ್ಟು ಬರತೈತಿ? ಕೂಸು ಯಾರ ಪಾಲಿಗೆ? ಬಂಗಾರ ತಿರುಗಿ ಬರತೈತೇನು? ಗಮನಿಸಿ ನೋಡಿದರೆ ಇವೆಲ್ಲ ಪಾಲಿನ ಪ್ರಶ್ನೆಗಳು. ವ್ಯಾಜ್ಯವೆಂದರೆ ನಮಗೆ ಗೊತ್ತಿರುವುದು ಹೊಲದ ವಾಟ್ನಿ. ಅಣ್ಣನಿಗೆ ಇಷ್ಟು, ತಮ್ಮನಿಗೆ ಇಷ್ಟು, ನಡುವೆ ಒಂದು ಬದು. ಸಂಸಾರ ಒಡೆದಾಗಲೂ ಅದೇ ಲೆಕ್ಕದಲ್ಲಿ ಕೋರ್ಟಿಗೆ ಬರುತ್ತೇವೆ. ಕಾನೂನು ಅಲ್ಲಿ ಬೇರೆಯದನ್ನೇ ಕೇಳುತ್ತದೆ: ಯಾರಿಗೆ ಪಾಲನೆ ಬೇಕು, ಅದನ್ನು ಯಾರು ಮಾಡಬೇಕು? ಪಾಲಿಗಾಗಿ ಬಂದವರು ಪಾಲನೆಯ ಮಾತನ್ನು ಬೇಗ ಅರ್ಥಮಾಡಿಕೊಂಡಷ್ಟೂ ಅವರ ನೋವು ಕಡಿಮೆಯಾಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ಆ ಪ್ರಶ್ನೆಗಳ ಮೂಲಕವೇ ಹೇಳುತ್ತೇನೆ.

"ಬಾಂಡ್ ಮ್ಯಾಲೆ ಬರಕೊಂಡೇವಲ್ರಿ"

ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲದೊಳಗಿಂದ ಹೊರಬರುತ್ತದೆ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಗಳು ಒಮ್ಮೆ ನನ್ನ ಮೇಜಿನ ಮೇಲೆ ನಾಲ್ಕು ಮಡಿಕೆಯ ಬಾಂಡ್ ಕಾಗದ ಬಿಚ್ಚಿಟ್ಟಳು. ಮಡಿಕೆಗಳು ಕೂಡುವಲ್ಲಿ ಸವೆದು ತೂತು ಬಿದ್ದಿತ್ತು. ಗಂಡನ ಸಹಿ, ಈಕೆಯ ಹೆಬ್ಬೆಟ್ಟು, ಐದು ಮಂದಿ ಪಂಚರ ಸಹಿ, ಕೆಳಗೆ ನೋಟರಿಯ ಸಿಕ್ಕಾ. ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿಲ್ಲ, ಹೆಂಡತಿ ಜೀವನಾಂಶ ಕೇಳತಕ್ಕದ್ದಲ್ಲ ಎಂದು ಬರೆದಿತ್ತು. ಆಕೆಯ ಕೈಗೆ ಕೊಟ್ಟದ್ದು ಇಪ್ಪತ್ತು ಸಾವಿರ ರೂಪಾಯಿ. ಅದೇ ವರ್ಷ ಗಂಡ ಮತ್ತೊಬ್ಬಳನ್ನು ಉಡಿಕೆ ಮಾಡಿಕೊಂಡಿದ್ದ. "ಅಕ್ಕಾರ, ಬಾಂಡ್ ಆಗೇತಿ, ಸಿಕ್ಕಾ ಬಿದ್ದೈತಿ. ನಾ ಈಗ ಆತನ ಹೆಂಡ್ತಿ ಹೌದೋ ಅಲ್ಲೋ?" ಎಂದು ಕೇಳಿದಳು.

ಆಕೆ ಹೆಂಡತಿಯೇ. ನೋಟರಿ ದೃಢೀಕರಿಸುವುದು ಸಹಿಯನ್ನು ಮಾತ್ರ. ಮದುವೆಯನ್ನು ಮುರಿಯುವ ಅಧಿಕಾರ ನೋಟರಿಗೂ ಇಲ್ಲ, ಪಂಚರಿಗೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನವಾಗುವುದು ನ್ಯಾಯಾಲಯದ ಡಿಕ್ರಿಯಿಂದ. ಇದಕ್ಕೆ ಕಾಯ್ದೆಯ 29ನೇ ಕಲಂ ಒಂದು ವಿನಾಯಿತಿ ಇಟ್ಟಿದೆ: ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಈ ಕಾಯ್ದೆ ಮುಟ್ಟುವುದಿಲ್ಲ. ನಮ್ಮ ಭಾಗದ ಅನೇಕ ಜಾತಿಗಳಲ್ಲಿ ಮದುವೆ ಬಿಡಿಸುವ ಸೋಡಚೀಟಿ ಇತ್ತು, ಬಿಡುಗಡೆ ಪತ್ರ ಇತ್ತು, ಬಿಟ್ಟವಳಿಗೂ ಗಂಡ ಸತ್ತವಳಿಗೂ ಉಡಿಕೆ ಎಂಬ ಮರುಮದುವೆಯ ದಾರಿ ಇತ್ತು. ಶಾಸ್ತ್ರದ ಮದುವೆಯಲ್ಲಿ ಬಿಡುಗಡೆಯೇ ಇಲ್ಲದ ಕಾಲದಲ್ಲಿ ದುಡಿಯುವ ಜನ ಹೆಣ್ಣಿಗೆ ಎರಡನೆಯ ಬದುಕು ಕೊಟ್ಟಿದ್ದರು. ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ರೂಢಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಹೇಳುವವರೇ ಅದನ್ನು ಅರ್ಜಿಯಲ್ಲಿ ಎತ್ತಿ, ಸಾಕ್ಷಿ ಹಾಕಿ ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಖಚಿತವಾಗಿ ಹೇಳಿದೆ. ರೂಢಿ ಪುರಾತನವಾಗಿರಬೇಕು, ಎಡೆಬಿಡದೆ ನಡೆದು ಬಂದಿರಬೇಕು, ನ್ಯಾಯನೀತಿಗೆ ವಿರುದ್ಧವಾಗಿರಬಾರದು. ಇಂದು ಬರೆಯುವ ನೂರು ಬಾಂಡುಗಳಲ್ಲಿ ಒಂದಾದರೂ ಈ ಪರೀಕ್ಷೆ ಗೆಲ್ಲುವುದನ್ನು ನಾನು ಕಂಡದ್ದು ತೀರಾ ಅಪರೂಪ.

ಜೊತೆಗೆ ಇನ್ನೊಂದು ಪ್ರಶ್ನೆ ಬರುತ್ತದೆ: "ನಾವು ಲಿಂಗಾಯತರು, ನಮಗೆ ಈ ಕಾಯ್ದೆ ಹತ್ತತೈತೇನು?" ಹತ್ತುತ್ತದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಕಾಯ್ದೆಯ 2ನೇ ಕಲಮಿನಲ್ಲೇ ಅಚ್ಚಾಗಿವೆ. ಜೈನರು, ಬೌದ್ಧರು, ಸಿಖ್ಖರು ಕೂಡ ಅದರೊಳಗೇ ಬರುತ್ತಾರೆ. ಪರಿಶಿಷ್ಟ ಪಂಗಡದವರಿಗೆ ಮಾತ್ರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಈ ಕಾಯ್ದೆ ಅನ್ವಯಿಸುವುದಿಲ್ಲ. ಅವರಿಗೆ ಅವರ ರೂಢಿಯೇ ಕಾನೂನು.

ಆ ಹೆಣ್ಣುಮಗಳಿಗೆ ಕೊನೆಗೆ ಜೀವನಾಂಶದ ಆದೇಶವಾಯಿತು. ಕೇಳತಕ್ಕದ್ದಲ್ಲ ಎಂಬ ಬಾಂಡಿನ ಮಾತು ಅಡ್ಡ ಬರಲಿಲ್ಲ. ಕಾನೂನು ಕೊಟ್ಟ ಜೀವನಾಂಶವನ್ನು ಹೀಗೆ ಕರಾರು ಬರೆಸಿಕೊಂಡು ಕಸಿಯಲು ಬರುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೆ ಕಾಗದ ಬರೆದ ದಿನದಿಂದ ಆಕೆ ನನ್ನ ಬಳಿ ಬರುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು. ಜೀವನಾಂಶದ ಎಣಿಕೆ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ಹಿಂದಿನ ಒಂಬತ್ತು ವರ್ಷ ಆಕೆ ಕೂಲಿ ಮಾಡಿ ಉಂಡದ್ದಕ್ಕೆ ಆ ಆದೇಶದಲ್ಲಿ ಬಿಡಿಗಾಸೂ ಇರಲಿಲ್ಲ. ಕಾನೂನು ಆಕೆಯ ಪರವಾಗಿಯೇ ಇತ್ತು, ಅದನ್ನು ಓದಿ ಹೇಳುವವರು ಇರಲಿಲ್ಲ.

"ಎಷ್ಟು ದಿನದಾಗ ಆಕ್ಕತಿ?"

ಇಬ್ಬರೂ ಒಪ್ಪಿದರೆ ದಾರಿ ಹತ್ತಿರ. ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಿಂದ ಬಂದ 13ಬಿ ಕಲಂ ಪ್ರಕಾರ ಗಂಡಹೆಂಡತಿ ಒಂದು ವರ್ಷದಿಂದ ಬೇರೆಯಾಗಿದ್ದು, ಕೂಡಿ ಬಾಳಲಾಗದೆ, ಜೊತೆಯಾಗಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳು ಮೀರುವುದರೊಳಗೆ ಮತ್ತೆ ಇಬ್ಬರೂ ಬಂದು ಹೌದು ಎನ್ನಬೇಕು. ಈ ಆರು ತಿಂಗಳು ಕಡ್ಡಾಯವಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆಯಾಗಿ ಒಂದೂವರೆ ವರ್ಷ ಆಗಿದ್ದು, ರಾಜಿಯ ಪ್ರಯತ್ನ ಸೋತಿದ್ದು, ಜೀವನಾಂಶ ಮತ್ತು ಮಕ್ಕಳ ವಿಷಯ ತೀರ್ಮಾನವಾಗಿದ್ದರೆ ನ್ಯಾಯಾಧೀಶರು ಆ ಅವಧಿಯನ್ನು ಬಿಡಬಹುದು. ಒಂದು ಮಾತು ನೆನಪಿರಲಿ: ಡಿಕ್ರಿ ಆಗುವವರೆಗೂ ಒಬ್ಬರು ತಮ್ಮ ಒಪ್ಪಿಗೆಯನ್ನು ಹಿಂದೆ ತೆಗೆದುಕೊಳ್ಳಬಹುದು. ಮೊದಲ ಸಹಿಯಾದ ಕೂಡಲೇ ಎಲ್ಲ ಮುಗಿಯಿತೆಂದು ಹೊಸ ಸಂಬಂಧ ಗೊತ್ತುಮಾಡಿದ ಮನೆಗಳು ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ಒಬ್ಬರು ಒಪ್ಪದಿದ್ದರೆ ಕಾರಣ ಹೇಳಿ ರುಜುವಾತು ಮಾಡಬೇಕು. ಕ್ರೌರ್ಯ, ಎರಡು ವರ್ಷ ತೊರೆದಿರುವುದು, ವ್ಯಭಿಚಾರ, ಮತಾಂತರ, ಗುಣವಾಗದ ಮನೋರೋಗ, ಏಳು ವರ್ಷ ಬದುಕಿದ ಸುದ್ದಿಯೇ ಇಲ್ಲದಿರುವುದು ಹೀಗೆ ಕಾಯ್ದೆಯ ಪಟ್ಟಿ ಇದೆ. ಮದುವೆಯಾಗಿ ಒಂದು ವರ್ಷ ತುಂಬದೆ, ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಹಾಕಲು ಬರುವುದಿಲ್ಲ. "ನಮ್ಮಿಬ್ಬರ ಮನಸ್ಸು ಮುರದೈತಿ, ಅಷ್ಟು ಸಾಲದೇನು?" ಎಂದು ಕೇಳುತ್ತಾರೆ. ಮರಳಿ ಕೂಡದಂತೆ ಮುರಿದ ಮದುವೆ ಎಂಬುದು ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಆ ಕಾರಣದ ಮೇಲೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗಿದೆ ಎಂದು 2023ರ ಮೇ 1ರಂದು ಸಂವಿಧಾನ ಪೀಠ ಹೇಳಿತು. ಜಿಲ್ಲೆಯ ಕೋರ್ಟಿಗೆ ಅದಿಲ್ಲ.

ಎಲ್ಲಿ ಹಾಕಬೇಕು? ಮದುವೆಯಾದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುದಾರರು ಇರುವ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯ ನಂತರ ಅರ್ಜಿ ಹಾಕುವ ಹೆಂಡತಿ ತಾನಿರುವ ಊರಿನಲ್ಲೇ ಹಾಕಬಹುದು. ಪುಣೆಯಲ್ಲಿ ಸಂಸಾರ ಮಾಡಿ ಗದಗಿನ ತವರಿಗೆ ಬಂದು ಕುಳಿತವಳು ವಾಯಿದೆ ವಾಯಿದೆಗೂ ಪುಣೆಯ ರೈಲು ಹತ್ತಬೇಕಾಗಿಲ್ಲ.

ಇದುವರೆಗಿನದು ಹಿಂದೂ ವಿವಾಹ ಕಾಯ್ದೆಯ ಮಾತು. ಮುಸ್ಲಿಂ ಹೆಣ್ಣುಮಗಳಿಗೆ 1939ರ ಕಾಯ್ದೆಯ ಪ್ರಕಾರ ಕೋರ್ಟಿನ ಮೂಲಕ ಮದುವೆ ಬಿಡಿಸಿಕೊಳ್ಳುವ ಹಕ್ಕಿದೆ. ಒಂದೇ ಉಸಿರಿನ ಮೂರು ತಲಾಖ್ 2017ರ ಆಗಸ್ಟ್‌ನಲ್ಲಿ ಅಸಿಂಧುವಾಯಿತು, 2019ರ ಕಾಯ್ದೆಯಿಂದ ಅದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವೂ ಆಯಿತು. ಕ್ರೈಸ್ತರಿಗೆ 1869ರ ಕಾಯ್ದೆ ಇದೆ. 2001ರ ತಿದ್ದುಪಡಿ ಅದರಲ್ಲಿ ಹೆಂಡತಿಗೂ ಗಂಡನಿಗೂ ಇದ್ದ ಭೇದವನ್ನು ಅಳಿಸಿ, ಪರಸ್ಪರ ಒಪ್ಪಿಗೆಯ ದಾರಿಯನ್ನೂ ತೆರೆಯಿತು. ಜಾತಿಮತ ಮೀರಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯೇ ದಾರಿ.

"ತಿಂಗಳಾ ಎಷ್ಟು ಬರತೈತಿ?"

ಜೀವನಾಂಶ ಕೇಳುವವರ ದನಿಯಲ್ಲಿ ಯಾವಾಗಲೂ ಒಂದು ಹಿಂಜರಿಕೆ ಇರುತ್ತದೆ, ಬೇಡಲು ಬಂದವರ ಹಾಗೆ. ಅದು ಬೇಡುವ ಮಾತಲ್ಲ. ಕಟ್ಟಿಕೊಂಡವರನ್ನು, ಹೆತ್ತವರನ್ನು, ಹುಟ್ಟಿಸಿದ ಮಕ್ಕಳನ್ನು ಹಸಿವಿಗೆ ಬಿಡಬಾರದೆಂಬುದು ಧರ್ಮ ಯಾವುದೇ ಇರಲಿ ಎಲ್ಲರಿಗೂ ಅನ್ವಯಿಸುವ ಕಾನೂನು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 125ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆ ಶಾ ಬಾನೊ ಅವರ ಪ್ರಕರಣದ ತೀರ್ಪು ಬಂದದ್ದು ಇದೇ ಕಲಮಿನ ಮೇಲೆ, 1985ರಲ್ಲಿ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಬಾಗಿಲು ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೊಮ್ಮೆ ಹೇಳಿದೆ.

ಸಂಬಳದಲ್ಲಿ ಇಂತಿಷ್ಟು ಪಾಲು ಎಂಬ ಸೂತ್ರ ಯಾವ ಕಾಯ್ದೆಯಲ್ಲೂ ಇಲ್ಲ. ಕೈಗೆ ಬರುವ ಸಂಬಳದ ಶೇಕಡಾ 25 ಎಂಬ ಮಾತು ಸುಪ್ರೀಂ ಕೋರ್ಟಿನ 2017ರ ಒಂದು ತೀರ್ಪಿನಿಂದ ಹಬ್ಬಿದೆ. ಅದು ಆ ಪ್ರಕರಣಕ್ಕೆ ನ್ಯಾಯವೆನಿಸಿದ ಅಳತೆ, ಎಲ್ಲರಿಗೂ ಹೊಲಿದ ಅಂಗಿಯಲ್ಲ. ಇಬ್ಬರ ಆದಾಯ, ಸಾಲ, ಮಕ್ಕಳ ಶಾಲೆಯ ಫೀ, ಮುದಿ ತಂದೆತಾಯಿಯ ಔಷಧ, ಕೂಡಿದ್ದಾಗ ಬಾಳಿದ ರೀತಿ, ಎಲ್ಲವನ್ನೂ ನ್ಯಾಯಾಧೀಶರು ತೂಗಿ ನೋಡುತ್ತಾರೆ. ಸುಪ್ರೀಂ ಕೋರ್ಟಿನ 2020ರ ನವೆಂಬರ್ ತೀರ್ಪಿನ ನಂತರ ಗಂಡಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕೆಂದು ದೇಶಕ್ಕೆಲ್ಲ ಒಂದೇ ನಿಯಮ ಮಾಡಿದ್ದೂ ಅದೇ ತೀರ್ಪು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನದೊಳಗೆ ಸಾಧ್ಯವಾದಮಟ್ಟಿಗೆ ಮುಗಿಸಬೇಕೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ವಿಚ್ಛೇದನ ನಿಧಾನವಾದರೂ ಅನ್ನದ ಅರ್ಜಿ ಮೊದಲು ಹಾಕಿ.

"ಆಕೆ ಡಿಗ್ರಿ ಮಾಡ್ಯಾಳ, ದುಡೀಲಿ" ಎನ್ನುವ ವಾದ ಪ್ರತಿ ವಾರ ಕೇಳುತ್ತೇನೆ. ದುಡಿಯಬಲ್ಲಳು ಎಂಬುದು ಬೇರೆ, ದುಡಿಯುತ್ತಿದ್ದಾಳೆ ಎಂಬುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ಗಂಡನಿಗೆ ನಿಜಕ್ಕೂ ದುಡಿಮೆ ಇಲ್ಲದಿದ್ದು ಹೆಂಡತಿಗೆ ವರಮಾನವಿದ್ದರೆ, ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಗಂಡನೂ ಕೇಳಬಹುದು. ಕಾನೂನು ನೋಡುವುದು ಯಾರಿಗೆ ಕೊರತೆ ಇದೆ ಎಂಬುದನ್ನು.

ಆದೇಶವಾದ ಮೇಲೆ ಕೊಡದಿದ್ದರೆ? ಬಾಕಿ ಉಳಿದ ಪ್ರತಿ ತಿಂಗಳ ಮೊತ್ತಕ್ಕೆ ಒಂದು ತಿಂಗಳವರೆಗೆ ಸೆರೆ ಹಾಕಬಹುದು. ಸೆರೆ ಮುಗಿದರೂ ಬಾಕಿ ತೀರುವುದಿಲ್ಲ. ಆದರೆ 144ನೇ ಕಲಮಿನ ವಸೂಲಿಗೆ ಒಂದು ಗಡುವಿದೆ: ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಕೊಡ್ತಾನ ಬಿಡ್ರಿ, ನೋಡೂಣು" ಎಂದು ಮೂರು ವರ್ಷ ಕಾದವರು ಆ ಕಲಮಿನಡಿ ಎರಡು ವರ್ಷದ್ದನ್ನು ಕಳೆದುಕೊಳ್ಳುತ್ತಾರೆ. ದಯವಿಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

"ಕೂಸು ಯಾರಿಗೆ?"

ನಮ್ಮ ಕೋರ್ಟಿನ ಕನ್ನಡದಲ್ಲಿ ಸುಪರ್ದಿ ಎಂಬ ಪದವಿದೆ. ಪೊಲೀಸರು ಹಿಡಿದ ಟ್ರ್ಯಾಕ್ಟರನ್ನು ಬಿಡಿಸಿಕೊಳ್ಳಲು ಮಾಲೀಕ ಸುಪರ್ದಿಗಾಗಿ ಅರ್ಜಿ ಹಾಕುತ್ತಾನೆ. ತಂದೆತಾಯಿ ಮಗುವಿಗಾಗಿ ಹಾಕುವ ಅರ್ಜಿಗೂ ಅದೇ ಪದ. ಬರೆಯುವಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಟ್ರ್ಯಾಕ್ಟರಿನ ವಿಷಯದಲ್ಲಿ ಅದು ಯಾರದು ಎಂದು ಕೇಳಿದರೆ ಸಾಕು. ಮಗುವಿನ ವಿಷಯದಲ್ಲಿ ಆ ಪ್ರಶ್ನೆಯೇ ತಪ್ಪು.

1890ರ ಪಾಲಕರ ಮತ್ತು ಪಾಲಿತರ ಕಾಯ್ದೆಯೂ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯೂ ಒಂದೇ ಮಾತು ಹೇಳುತ್ತವೆ: ಮಗುವಿನ ಹಿತ. 1956ರ ಕಾಯ್ದೆಯ 13ನೇ ಕಲಂ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದೆ. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಐದು ತುಂಬಿದ ಮರುದಿನ ತಂದೆಯ ಪಾಲಿಗೆ ಹೋಗುತ್ತದೆ ಎಂದು ಅದಕ್ಕೆ ಅರ್ಥವಲ್ಲ. ತಂದೆಗೆ ಸಂಬಳ ಹೆಚ್ಚು, ತಾಯಿಗೆ ಕೆಲಸವಿಲ್ಲ ಎಂಬುದೂ ನಿರ್ಣಾಯಕವಲ್ಲ. ಸಂಬಳದ ಕೊರತೆಯನ್ನು ಜೀವನಾಂಶ ತುಂಬುತ್ತದೆ, ಮಡಿಲಿನ ಕೊರತೆಯನ್ನು ತುಂಬುವ ಕಲಂ ಯಾವುದೂ ಇಲ್ಲ.

ತಂದೆಯೇ ಸಹಜ ಪಾಲಕ, ಅವನ ನಂತರ ತಾಯಿ ಎಂದು 1956ರ ಕಾಯ್ದೆ ಬರೆದಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗಾಗಿ ತಾವೇ ಪಾಲಕಿಯೆಂದು ಸಹಿ ಮಾಡಿ ಅರ್ಜಿ ಹಾಕಿದಾಗ ಬ್ಯಾಂಕು ತಂದೆಯ ಸಹಿ ಕೇಳಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ನಂತರ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ತಿಳಿಯಬೇಕಾಗಿಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿ ಸಹಜ ಪಾಲಕಿಯೇ ಎಂದು 1999ರಲ್ಲಿ ತೀರ್ಪು ಬಂತು. ಶಾಲೆಯ ದಾಖಲಾತಿಗೆ, ಬ್ಯಾಂಕಿನ ಖಾತೆಗೆ ಗಂಡನ ಸಹಿ ತರಲು ಎಲ್ಲಿಗೆ ಹೋಗಲಿ ಎಂದು ಕೇಳುವ ತಾಯಂದಿರಿಗೆ ನಾನು ಈ ಕತೆ ಹೇಳುತ್ತೇನೆ.

ಮಗು ತಿಳಿವಳಿಕೆಯಿಂದ ಮಾತಾಡುವಷ್ಟು ದೊಡ್ಡದಿದ್ದರೆ ನ್ಯಾಯಾಧೀಶರು ಅದರ ಇಷ್ಟವನ್ನೂ ಕೇಳಬಹುದು. ಹಾಗೆ ಕೇಳುವುದು ಸಾಮಾನ್ಯವಾಗಿ ಅವರ ಕೋಣೆಯಲ್ಲಿ, ತಂದೆತಾಯಿಯನ್ನು ಹೊರಗೆ ಕೂಡಿಸಿ. ಅಂಥದೊಂದು ದಿನ ಎಂಟು ವರ್ಷದ ಹುಡುಗನೊಬ್ಬ ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ. ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆಯುತ್ತಿದ್ದ, ಮುಚ್ಚುತ್ತಿದ್ದ. ಈ ತುದಿಯಲ್ಲಿ ತಾಯಿ, ಆ ತುದಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದ ತಂದೆ. ಜವಾನ ಹೆಸರು ಕೂಗುವ ಮುಂಚೆ ಹುಡುಗ ನನ್ನತ್ತ ವಾಲಿ ಮೆಲ್ಲಗೆ ಕೇಳಿದ: "ಅಕ್ಕಾರ, ನನ್ನ ಸೈಕಲ್ ಯಾವ ಮನ್ಯಾಗ ಇರತೈತ್ರಿ?"

ಎರಡೂ ಕಡೆಯ ಅರ್ಜಿ, ತಕರಾರು ಸೇರಿ ನಲವತ್ತು ಪುಟ ದಾಟಿದ್ದವು. ಆ ಸೈಕಲ್ಲಿನ ಮಾತು ಯಾವ ಪುಟದಲ್ಲೂ ಇರಲಿಲ್ಲ. ಯಾರು ಗೆಲ್ಲುತ್ತಾರೆಂಬ ಚಿಂತೆ ಅವನಿಗಿರಲಿಲ್ಲ. ಸಂಜೆ ಯಾವ ಓಣಿಯಲ್ಲಿ ಸೈಕಲ್ ಓಡಿಸಲಿ ಎಂಬುದು ಅವನ ಚಿಂತೆ. ಮಗುವಿನ ಹಿತ ಎಂದು ಕಾಯ್ದೆ ಬರೆದ ಎರಡು ಪದದ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಆ ಬೆಂಚಿನ ಮೇಲೆ. ಅಂದಿನಿಂದ ಮಕ್ಕಳ ಅರ್ಜಿ ಬರೆಯುವ ಮುಂಚೆ ಕಕ್ಷಿದಾರರಿಗೆ ನಾನು ಕೇಳುತ್ತೇನೆ: ಮಗುವಿನ ಗೆಳೆಯರು ಯಾರು, ಟೀಚರ್ ಹೆಸರೇನು, ಜ್ವರ ಬಂದರೆ ಯಾರ ಹತ್ತಿರ ಮಲಗುತ್ತದೆ? ಉತ್ತರ ಗೊತ್ತಿದ್ದವರ ಅರ್ಜಿಗೆ ತಾನಾಗಿ ಬಲ ಬರುತ್ತದೆ. ಗೊತ್ತಿಲ್ಲದವರು ಹಲವು ಸಲ ಸುಮ್ಮನಾಗಿ ರಾಜಿಗೆ ಒಪ್ಪಿದ್ದಾರೆ.

ಮಗು ಒಬ್ಬರ ಬಳಿ ಇದ್ದರೆ ಇನ್ನೊಬ್ಬರಿಗೆ ಭೇಟಿಯ ಹಕ್ಕಿದೆ. ಅದು ಮಗುವಿನ ಹಕ್ಕೂ ಹೌದು. ದೂರದ ಊರಿನಲ್ಲೋ ಪರದೇಶದಲ್ಲೋ ಇರುವ ತಂದೆ ಅಥವಾ ತಾಯಿಗೆ ವಿಡಿಯೋ ಕರೆಯಲ್ಲಿ ಮಾತಾಡಿಸುವ ಅವಕಾಶ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜಂಟಿ ಪಾಲನೆಯನ್ನೇ ಆದೇಶಿಸಿ, ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ನಂತರದ ಆರು ತಿಂಗಳು ತಾಯಿಯ ಬಳಿ ಇರಲಿ ಎಂದಿತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾಯ್ದೆಯಲ್ಲೇ ಜಾಗ ಮಾಡಬೇಕೆಂದು ಶಿಫಾರಸು ಮಾಡಿತು. ವರ್ಷವನ್ನು ಸರಿಯಾಗಿ ಎರಡು ಹೋಳು ಮಾಡುವುದು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಇಬ್ಬರೂ ಹೊಣೆ ಹೊರಬೇಕೆಂಬ ಅದರ ತಿರುಳು ಸರಿ.

ತಂದೆ ಹಣ ಕೊಡುತ್ತಿಲ್ಲವೆಂದು ಮಗುವನ್ನು ತೋರಿಸದಿರುವುದು, ತಾಯಿ ತೋರಿಸುತ್ತಿಲ್ಲವೆಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಒಂದಕ್ಕೆ ಇನ್ನೊಂದು ಒತ್ತೆಯಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪರಿಹಾರ ಇವೆ. ಮಕ್ಕಳ ಕುರಿತ ಆದೇಶ ಯಾವುದೂ ಕೊನೆಯದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಬದಲಿಸಿಕೊಡಿ ಎಂದು ಯಾವಾಗ ಬೇಕಾದರೂ ಕೇಳಬಹುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ವಿಚ್ಛೇದನ ಮುರಿಯುವುದು ಗಂಡಹೆಂಡತಿಯ ನಂಟನ್ನು ಮಾತ್ರ. ಅಪ್ಪ ಅಪ್ಪನಾಗಿ, ಅವ್ವ ಅವ್ವನಾಗಿ ಉಳಿದ ಮನೆಗಳಲ್ಲಿ ಕೂಸು ಬಡವಾಗದೆ ಬೆಳೆದದ್ದನ್ನೂ ನಾನು ಕಂಡಿದ್ದೇನೆ.

"ಬಂಗಾರ, ಮನಿ, ಹೊಲ"

ಮದುವೆಯಲ್ಲಿ ತವರಿನವರು, ಬಂಧುಗಳು, ಅತ್ತೆಮನೆಯವರು ಹೆಣ್ಣಿಗೆ ಕೊಟ್ಟದ್ದು ಆಕೆಯ ಸ್ತ್ರೀಧನ. ಅದರ ಪೂರ್ಣ ಒಡತಿ ಆಕೆಯೇ, ಗಂಡನ ಮನೆಯ ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ಅದು ಅವರದಾಗದು ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಲು ಹೋದಾಗ ಬೇಕಾಗುವುದು ಪುರಾವೆ. ಅಂಗಡಿಯ ರಸೀದಿ, ಮದುವೆಯ ಫೋಟೊ, ಕೊಟ್ಟದ್ದರ ಯಾದಿ ಇವುಗಳ ಒಂದೊಂದು ಪ್ರತಿಯನ್ನು ತವರಿನಲ್ಲಿ ಇಟ್ಟಿರಿ. ಮದುವೆಯನ್ನು ನೋಂದಣಿ ಮಾಡಿಸಿ. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ 1976ರ ಕಾಯ್ದೆ ಇದೆ.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತದೆ ಎಂಬ ನಂಬಿಕೆ ಸಿನಿಮಾದಿಂದ ಬಂದದ್ದು. ನಮ್ಮ ಕಾನೂನಿನಲ್ಲಿ ಹಾಗಿಲ್ಲ. ಬರುವುದು ಜೀವನಾಂಶ, ಬೇಕಾದರೆ ಒಂದೇ ಗಂಟಿನಲ್ಲಿ. ಮಕ್ಕಳಿಗೆ ಮಾತ್ರ ತಂದೆಯ ಆಸ್ತಿಯ ವಾರಸುದಾರಿಕೆ ವಿಚ್ಛೇದನದಿಂದ ಕಡಿದು ಹೋಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ, ಮೊದಲ ಮದುವೆ ಉಳಿದಿರುವಾಗಲೇ ಆದ ಎರಡನೆಯ ಮದುವೆ ಕಾನೂನಿನ ಕಣ್ಣಿನಲ್ಲಿ ಶೂನ್ಯ. ಅದು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಅಪರಾಧವೂ ಹೌದು. ಆದರೆ ಅದರಲ್ಲಿ ಹುಟ್ಟಿದ ಮಕ್ಕಳ ತಪ್ಪೇನು? ಅವರು ಔರಸರೇ. ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಯ ಭಾಗಕ್ಕೆ ಬಂದದ್ದರಲ್ಲೂ ಅವರಿಗೆ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ನಮ್ಮ ಕರ್ನಾಟಕದ ಪ್ರಕರಣದಲ್ಲೇ.

ಇನ್ನು ತವರಿನ ಆಸ್ತಿಯ ಮಾತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಗಂಡ ಬಿಟ್ಟನೆಂದು ತವರಿಗೆ ಬಂದವಳು ಅಣ್ಣತಮ್ಮಂದಿರ ಹಂಗಿನಲ್ಲಿಲ್ಲ, ತನ್ನ ಹಕ್ಕಿನ ಮನೆಯಲ್ಲಿದ್ದಾಳೆ. ಆಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ಮುಂಚೆ ಯಾರಿಂದಲಾದರೂ ಓದಿಸಿ ಕೇಳಿ.

"ರೊಕ್ಕ ಇಲ್ಲದಾಕಿ ಎಲ್ಲಿಗೆ ಹೋಗಬೇಕು?"

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಇದೆ. ಆದಾಯ ಎಷ್ಟೆಂದು ಕೇಳುವಂತಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ಫೋನಿನಲ್ಲಿ ಕೇಳಬೇಕಾದರೆ 15100.

ಮನೆಯಲ್ಲಿ ಹೊಡೆತ, ಬೈಗುಳ, ಊಟ ನಿಲ್ಲಿಸುವುದು, ಹೊರಗೆ ಹಾಕುವುದು ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅದರ ಸಂರಕ್ಷಣಾಧಿಕಾರಿಯ ಕೆಲಸವನ್ನು ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಮಾಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. 181 ಮಹಿಳಾ ಸಹಾಯವಾಣಿ. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟಿನ 2020ರ ಇನ್ನೊಂದು ತೀರ್ಪು ಹೇಳುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಆಕೆಯನ್ನು ಅದೇ ಮನೆಗೆ ತಿರುಗಿ ಅಟ್ಟುವ ಹಿರಿಯರಲ್ಲಿ ನನ್ನ ವಿನಂತಿ: ಆ ಮನೆಯಲ್ಲಿ ಉಣ್ಣಲು ಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಕೋರ್ಟೆಂದರೆ ಹೆದರಬೇಡಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಈ ಕೋರ್ಟನ್ನು ಕಟ್ಟಿದ್ದೇ ಬೇರೆ ಬಗೆಯಲ್ಲಿ. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಕೇಳಿಕೊಂಡರೆ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯುತ್ತದೆ. ಕಕ್ಷಿದಾರರು ತಾವೇ ನಿಂತು ಮಾತಾಡಬಹುದು. ಬೆಂಗಳೂರಿನಲ್ಲಿ 2007ರ ಜನವರಿ 1ರಂದು ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಈಗ ಜಿಲ್ಲೆಗಳಲ್ಲೂ ಮಧ್ಯಸ್ಥಿಕೆ ನಡೆಯುತ್ತದೆ. ಅಲ್ಲಿ ಕಟಕಟೆ ಇಲ್ಲ, ಪಾಟೀ ಸವಾಲು ಇಲ್ಲ. ಒಂದು ಮೇಜಿನ ಸುತ್ತ ಕುಳಿತು ಮಾತು. ಆ ಸೈಕಲ್ಲಿನ ವಿಷಯ ತೀರ್ಮಾನವಾದದ್ದು ಅಂಥ ಮೇಜಿನ ಮುಂದೆಯೇ. ಶಾಲೆ ಇರುವ ದಿನ ಹುಡುಗ ತಾಯಿಯ ಬಳಿ, ರಜೆಗೆ ಮತ್ತು ತಿಂಗಳ ಎರಡು ಭಾನುವಾರ ತಂದೆಯ ಬಳಿ. ತಂದೆ ತನ್ನ ಮನೆಯಲ್ಲಿ ಇನ್ನೊಂದು ಸೈಕಲ್ ತಂದಿಡುತ್ತೇನೆ ಎಂದ. ಅದನ್ನೂ ರಾಜಿ ಪತ್ರದಲ್ಲಿ ಬರೆದೆವು.

ಮಿತ್ರರೇ, ಹಳ್ಳಿಯಲ್ಲಿ ಪಂಚಾಯ್ತಿ ಮಾಡುವ ಹಿರಿಯರು ಈ ಸಭೆಯಲ್ಲಿದ್ದೀರಿ. ನಿಮ್ಮ ಮಾತಿಗೆ ಬೆಲೆ ಇದೆ, ಅದನ್ನು ಬಾಂಡ್ ಬರೆಸಲು ಬಳಸಬೇಡಿ. ಕೂಡಿ ಬಾಳುವಂತಿದ್ದರೆ ಕೂಡಿಸಿ, ಇಲ್ಲವಾದರೆ ಇಬ್ಬರನ್ನೂ ಕಾನೂನು ಸೇವಾ ಸಮಿತಿಯ ಬಾಗಿಲಿಗೆ ಕರೆದುಕೊಂಡು ಹೋಗಿ. ತಂದೆತಾಯಂದಿರೇ, ಅರ್ಜಿ ಬರೆಸುವ ಮುಂಚೆ ಮಗುವಿನ ದಿನಚರಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ.

ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ಕಾಗದವೊಂದು ಇದ್ದೇ ಇರುತ್ತದೆ. ಅದನ್ನು ಇಟ್ಟುಕೊಂಡವಳಿಗೆ ಪ್ರತಿ ತಿಂಗಳೂ ಒಂದು ತಿಂಗಳ ಜೀವನಾಂಶ ಕೈತಪ್ಪುತ್ತಿದೆ. ಈ ದತ್ತಿಗೆ ಹೆಸರಾದ ಆ ತಾಯಿ ಮಗನಿಗೆ ಹೇಳುತ್ತಿದ್ದುದನ್ನೇ ನಾನು ನಿಮಗೂ ಹೇಳುತ್ತೇನೆ: ಹೋಗಿ, ಓದಿ ಹೇಳಿ ಬನ್ನಿ.